ಹದಿನೇಳನೇ ನಂಬರಿನ ಬಾಣ

ಊರಿನಲ್ಲಿ ಎಲ್ಲಿ ಕೆಟ್ಟ ಅಕ್ಷರ ಕಂಡರೂ ಅದನ್ನು ಸ್ವಂತ ಅವಮಾನ ಎಂದು ತಿಳಿಯುವ ಮನುಷ್ಯ ಒಬ್ಬನೇ ಇದ್ದ. ಅವನಿಗೆ ತಂದೆತಾಯಿ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮೂವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದೂ ಬರೆದೂ ಅವನು ಎಲ್ಲರ ಬಾಯಲ್ಲಿ ಬೋರ್ಡಣ್ಣ ಆಗಿಹೋಗಿದ್ದ. ಈಗೀಗ ಜನ ಬೋರ್ಡುಗಳನ್ನು ಯಂತ್ರದಲ್ಲಿ ಮುದ್ರಿಸಿಕೊಂಡು ಬರುತ್ತಿದ್ದರು. ಅಂಥ ಬೋರ್ಡಿನ ಮುಂದೆ ಹಾದುಹೋಗುವಾಗ ಬೋರ್ಡಣ್ಣ ಮಾತು ಬಿಟ್ಟ ನೆಂಟನನ್ನು ಕಂಡವನ ಹಾಗೆ ಮುಖ ತಿರುಗಿಸಿಕೊಳ್ಳುತ್ತಿದ್ದ.

ಅವನ ಕೈ ಎಷ್ಟು ಚೆನ್ನಾಗಿದೆಯೋ ತಲೆ ಅಷ್ಟು ಚುರುಕಿಲ್ಲ ಎನ್ನುವವರಿದ್ದರು. ಅದು ಪೂರ್ತಿ ನಿಜವಲ್ಲ. ಅವನು ಅಕ್ಷರಗಳನ್ನು ನೋಡುತ್ತಿದ್ದ, ಓದುತ್ತಿರಲಿಲ್ಲ, ಅಷ್ಟೇ. ಬ್ಯಾಂಕಿನ ಗೋಡೆಯ ಮೇಲೆ ‘ಇಲ್ಲಿ ಸೈಕಲ್ ನಿಲ್ಲಿಸಬಾರದು’ ಎಂದು ಎರಡು ದಿನ ಕೂತು ಬರೆದವನು ಅವನೇ. ಬರೆದು ಮುಗಿಸಿ, ದೂರದಿಂದ ಹೇಗೆ ಕಾಣುತ್ತದೆ ನೋಡೋಣವೆಂದು ಸೈಕಲ್ಲನ್ನು ಅದೇ ಗೋಡೆಗೆ ಒರಗಿಸಿ, ಕಾವಲುಗಾರನ ಕೈಯಲ್ಲಿ ಬೈಸಿಕೊಂಡವನೂ ಅವನೇ. ಕಾವಲುಗಾರ ಬೈದದ್ದಕ್ಕೆ ಅವನಿಗೆ ಬೇಜಾರಾಗಲಿಲ್ಲ. ಬೈಯುವಾಗ ಆತ ಬೆರಳಿಟ್ಟು ತೋರಿಸಿದ ಕಡೆ ಬಣ್ಣ ಇನ್ನೂ ಹಸಿಯಾಗಿತ್ತಲ್ಲ, ಅದಕ್ಕೆ ಬೇಜಾರಾಯಿತು.

ಅವನಿಗೊಬ್ಬಳು ಅಕ್ಕ. ಗಂಡ ತೀರಿಕೊಂಡ ಮೇಲೆ ಬಟ್ಟೆ ಹೊಲಿದು ತಾನೂ ಬದುಕಿ, ಕೆಲಸ ಕಲಿಯುವಷ್ಟು ದಿನ ತಮ್ಮನನ್ನೂ ಸಾಕಿದವಳು. ಬೀದಿಯ ಮೂಲೆಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ. ಅದರೊಳಗೆ ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಯ ಮೊಳೆಗಳಲ್ಲಿ ತೋಳಿಲ್ಲದ ಅಂಗಿಗಳು, ಮತ್ತು ಸದಾ ಒಬ್ಬಿಬ್ಬರು ಗಿರಾಕಿಗಳು. ಹಿಂದಿನ ಎರಡು ಕೋಣೆಗಳಲ್ಲಿ ಬೋರ್ಡಣ್ಣನ ವಾಸ. ಅಂಗಡಿಗೆ ಬೋರ್ಡು ಇರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಬೋರ್ಡಣ್ಣ ಬಿಟ್ಟಿಯಾಗಿ ಬರೆದುಕೊಡುತ್ತೇನೆಂದು ಗೋಗರೆಯುತ್ತಿದ್ದ. ಅಕ್ಕ ಸೂಜಿಗೆ ದಾರ ಪೋಣಿಸುತ್ತಾ ಪ್ರತಿಸಲವೂ ಒಂದೇ ಉತ್ತರ ಕೊಡುತ್ತಿದ್ದಳು.

“ನನ್ನ ಹೊಲಿಗೆ ಗೊತ್ತಿರೋರು ಬರ್ತಾರೆ. ಗೊತ್ತಿಲ್ಲದೋರು ನಿನ್ನ ಬೋರ್ಡ್ ನೋಡಿ ಬಂದು ಏನ್ ಮಾಡ್ತಾರೆ, ಬೋರ್ಡ್ ಹಾಕ್ಕೊಂಡು ಹೋಗ್ತಾರಾ?”

ಹೀಗಾಗಿ ಊರಿಗೆಲ್ಲ ಬೋರ್ಡು ಬರೆದವನ ಮನೆಯ ಗೋಡೆ ಮಾತ್ರ ಬೋಳಾಗಿ ನಿಂತಿತ್ತು. ಪಕ್ಕದ ಸಣ್ಣ ಗಲ್ಲಿಗೆ ಮುಖ ಮಾಡಿದ ಆ ಬಿಳಿ ಗೋಡೆಯನ್ನು ಬೋರ್ಡಣ್ಣ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ನೋಡಿ ನಿಟ್ಟುಸಿರು ಬಿಡುತ್ತಿದ್ದ.

ಈ ನಡುವೆ ನಗರಸಭೆಗೆ ದೊಡ್ಡ ರಸ್ತೆಯ ಆಸೆ ಹುಟ್ಟಿತು. ಬಸ್ ನಿಲ್ದಾಣದಿಂದ ಮಾರುಕಟ್ಟೆಗೆ ಹೋಗುವ ರಸ್ತೆ ಅಕ್ಕನ ಅಂಗಡಿಯ ಮುಂದೆಯೇ ಹಾಯುತ್ತಿತ್ತು. ಅದನ್ನು ಅಗಲ ಮಾಡಬೇಕು. ಹಣಕ್ಕೆ ಏನು ಮಾಡುವುದು? ರಸ್ತೆಯ ಆಚೆ ಬದಿಗೆ ನಗರಸಭೆಯದೇ ಒಂದು ಬಯಲಿತ್ತು. ಜನ ಅಲ್ಲಿ ಬಟ್ಟೆ ಒಣಹಾಕುತ್ತಿದ್ದರು, ತಳ್ಳುಗಾಡಿ ನಿಲ್ಲಿಸುತ್ತಿದ್ದರು, ಕಾರು ಕಲಿಯುವವರು ಹಿಂದಕ್ಕೆ ಹೋಗುವುದನ್ನು ಅಲ್ಲೇ ಕಲಿಯುತ್ತಿದ್ದರು. ಆ ಬಯಲನ್ನು ಒಬ್ಬ ಕಟ್ಟಡದ ಸಾಹುಕಾರನಿಗೆ ಮಾರುವುದು, ಆ ಹಣದಲ್ಲಿ ರಸ್ತೆ ಮಾಡುವುದು ಎಂದಾಯಿತು. ಬಯಲು ಮಾರಿದರೆ ರಸ್ತೆ, ರಸ್ತೆ ಆದರೆ ಬಯಲಿಗೆ ಬೆಲೆ. ಹೀಗೆ ಒಂದರ ಬಾಲವನ್ನು ಇನ್ನೊಂದರ ಬಾಯಿಗಿಟ್ಟು ನಗರಸಭೆ ನೆಮ್ಮದಿಯಿಂದ ಇತ್ತು. ಆದರೆ ಮಾರುವ ಬಯಲನ್ನು ಮುಟ್ಟುವ ಹಾಗಿಲ್ಲವಾದ್ದರಿಂದ ರಸ್ತೆ ಈಚೆ ಬದಿಗೇ ಅಗಲವಾಗಬೇಕಿತ್ತು. ಈಚೆ ಬದಿಗೆ ಮನೆಗಳಿದ್ದವು.

ಒಂದು ದಿನ ಗುತ್ತಿಗೆದಾರನ ಆಳು ಕೆಂಪು ಬಣ್ಣದ ಡಬ್ಬ ಹಿಡಿದು ಬಂದು ಹನ್ನೆರಡರಿಂದ ಇಪ್ಪತ್ತೆರಡರವರೆಗೆ ಎಲ್ಲ ಮನೆಗಳ ಗೋಡೆಗೂ ನಂಬರು ಬರೆದು, ಪಕ್ಕದಲ್ಲಿ ಮನೆಯ ಕಡೆಗೆ ತಿರುಗಿದ ಬಾಣ ಎಳೆದು ಹೋದ. ಬಾಣ ಯಾವ ಕಡೆಗಿದೆಯೋ ಆ ಕಡೆಗೆ ನಾಲ್ಕು ಅಡಿ ಹೋಗುತ್ತದೆ ಎಂದು ಅರ್ಥ. ಅಕ್ಕನ ಮನೆಯ ನಂಬರು ಹದಿನೇಳು. ಒಂಬತ್ತು ಅಡಿಯಲ್ಲಿ ನಾಲ್ಕು ಹೋದರೆ ಉಳಿದ ಐದರಲ್ಲಿ ಯಂತ್ರ ಇಟ್ಟರೆ ಮೇಜಿಲ್ಲ, ಮೇಜು ಇಟ್ಟರೆ ಅಕ್ಕನಿಲ್ಲ. ಅಕ್ಕ ತಕರಾರು ಅರ್ಜಿ ಕೊಟ್ಟಳು. ಅರ್ಜಿ ಬಂದು ಸೇರಿದೆ ಎಂಬ ಒಂದು ಕಾಗದ ಬಂತು. ಅದನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಯಂತ್ರದ ಕಾಲಿನ ಕೆಳಗಿಟ್ಟು ಹೊಲಿಯತೊಡಗಿದಳು.

ಆ ಸಾಲಿನ ಮನೆಗಳವರೆಲ್ಲ ನಾಲ್ಕು ಅಡಿಯ ಚಿಂತೆಯಲ್ಲಿದ್ದಾಗ ಬೋರ್ಡಣ್ಣನ ಚಿಂತೆಯೇ ಬೇರೆ. ಆ ಹದಿನೇಳು ಎಂಥ ಹದಿನೇಳು! ಒಂದು ಅಂಕಿ ಕುಳಿತಿತ್ತು, ಇನ್ನೊಂದು ಬೀಳುತ್ತಿತ್ತು. ಬಣ್ಣ ಸೋರಿ ಮೂರು ಗೆರೆ ನೆಲದವರೆಗೆ ಇಳಿದಿತ್ತು. ಬಾಣವಂತೂ ಮುರಿದ ಪೊರಕೆಯೇ ಸೈ. ಇಪ್ಪತ್ತೆರಡು ವರ್ಷ ತನಗೆ ಸಿಗದ ಗೋಡೆ ಇಂಥವನ ಕೈಗೆ ಸಿಕ್ಕಿತಲ್ಲ ಎಂದು ಅವನ ಹೊಟ್ಟೆ ಉರಿಯಿತು. ಮೂರನೇ ದಿನ ಪಕ್ಕದ ಕ್ಷೌರದಂಗಡಿಯವನು, ಅವನ ಗಲ್ಲಕ್ಕೆ ಸಾಬೂನು ಹಚ್ಚುತ್ತಾ, ವಯಸ್ಸಾದ ಮೇಲೆ ಕೈ ನಡುಗುವುದು ಸಹಜ, ಅದಕ್ಕೆ ನಾಚಿಕೆಪಡಬಾರದು ಎಂದು ಸಮಾಧಾನ ಹೇಳಿದ. ಬೋರ್ಡಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅರ್ಧ ಗಡ್ಡದಲ್ಲೇ ಎದ್ದು ನಿಂತ. ಬೀದಿಗೆ ಬೀದಿಯೇ ಆ ಹದಿನೇಳನ್ನು ಅವನೇ ಬರೆದದ್ದು ಎಂದುಕೊಂಡಿತ್ತು. ಬೋರ್ಡಣ್ಣನ ಮನೆಯ ಗೋಡೆಯ ಮೇಲೆ ಬೇರೆ ಯಾರು ಬರೆಯುತ್ತಾರೆ? ಬೇಕರಿಯವನು, ಕೊಟ್ಟಿದ್ದ ಕೆಲಸವನ್ನು ಸ್ವಲ್ಪ ದಿನ ತಡೆಯೋಣ, ನೀವೂ ವಿಶ್ರಾಂತಿ ತಗೊಳ್ಳಿ ಎಂದು ಹೇಳಿಕಳಿಸಿದ.

ಭಾನುವಾರ ಅಕ್ಕ ದಾರ, ಗುಂಡಿ ತರಲು ಮಾರುಕಟ್ಟೆಗೆ ಹೋದದ್ದೇ ತಡ, ಬೋರ್ಡಣ್ಣ ಕೆಲಸಕ್ಕಿಳಿದ. ಹಳೆಯದನ್ನು ಕೆರೆದು, ಬಿಳಿ ಬಳಿದು, ಒಣಗಿಸಿ, ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೆರೆ ಹೊಡೆದ. ದಪ್ಪ ಕೆಂಪಿನಲ್ಲಿ ಹದಿನೇಳು ಬರೆದು ಅದಕ್ಕೆ ಕಪ್ಪು ನೆರಳು ಕೊಟ್ಟು ಸುತ್ತ ಕೂದಲೆಳೆಯಷ್ಟು ಹಳದಿ ಅಂಚು ಎಳೆದ. ಉಳಿದದ್ದು ಬಾಣ. ಎಡಕ್ಕೆ ನೋಡಿದ, ಅಂಗಡಿಯ ಕಿಟಕಿ ಅಡ್ಡ ಬಂತು. ಕಿಟಕಿಯ ಚೌಕಟ್ಟಿಗೆ ಮೂಗು ತಗುಲಿಸುವ ಬಾಣವನ್ನು ಯಾವ ಮರ್ಯಾದಸ್ಥನೂ ಬರೆಯಲಾರ. ಬಲಕ್ಕೆ, ರಸ್ತೆಯ ಮೂಲೆಯವರೆಗೆ, ಖಾಲಿ ಗೋಡೆ. ಬಾಣ ಯಾವಾಗಲೂ ಖಾಲಿ ಜಾಗದ ಕಡೆ ಇರಬೇಕು ಎಂಬುದು ಅವನಿಗೆ ಕುಂಚ ಹಿಡಿಯಲು ಕಲಿಸಿದ ಗುರು ಮೊದಲ ವಾರವೇ ಹೇಳಿಕೊಟ್ಟ ಪಾಠ. ಬೋರ್ಡಣ್ಣ ಒಂದೇ ಉಸಿರಿನಲ್ಲಿ ಬಲಕ್ಕೆ ಬಾಣ ಎಳೆದ. ಬಾಲಕ್ಕೆ ಮೂರು ಗರಿ ಬಿಡಿಸಿದ.

ಸಂಜೆ ಬಂದ ಅಕ್ಕ ಚೀಲ ಕೆಳಗಿಟ್ಟು ಗೋಡೆ ನೋಡಿದಳು. ಬೇರೆ ಕೆಲಸ ಇರಲಿಲ್ಲವಾ ಎಂದು ಕೇಳಿ ಒಳಗೆ ಹೋದಳು. ಅಕ್ಕನ ಬಾಯಲ್ಲಿ ಇದು ಮೆಚ್ಚುಗೆಯೇ ಇರಬೇಕೆಂದು ಬೋರ್ಡಣ್ಣ ತಿಳಿದುಕೊಂಡ.

ನಾಲ್ಕನೇ ದಿನ ನಗರಸಭೆಯ ಇಂಜಿನಿಯರಮ್ಮ ಬಂದರು. ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ನೀಲಿ ರಿಜಿಸ್ಟರು, ಹಿಂದೆ ಅಳತೆಯ ಟೇಪು ಹಿಡಿದ ಇಬ್ಬರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಒಂದು ಗೆರೆಯನ್ನೂ ಸೊಟ್ಟ ಎಳೆಯದ ಹೆಂಗಸು. ಗೋಡೆಯ ಮೇಲಿನ ಗುರುತೇ ಅಂತಿಮ ಎಂಬುದು ಅವರ ಇಲಾಖೆಯ ನಿಯಮ. ಹದಿನಾರರವರೆಗೆ ಬಾಣಗಳು ಮನೆಯ ಕಡೆಗಿದ್ದವು, ಬರೆದುಕೊಂಡರು. ಹದಿನೇಳರ ಬಾಣ ಬಯಲಿನ ಕಡೆಗಿದ್ದದ್ದು ಕಂಡು ನಿಂತುಬಿಟ್ಟರು. ಹೆಲ್ಮೆಟ್ಟು ತೆಗೆದು ಮತ್ತೆ ನೋಡಿದರು. ಗುತ್ತಿಗೆದಾರನ ಆಳುಗಳು ನೆರಳು ಕೊಟ್ಟು ಬರೆಯುವವರಲ್ಲ. ಇಷ್ಟು ಖರ್ಚು ಮಾಡಿ, ಅಂಚು ಕಟ್ಟಿ, ಗರಿ ಬಿಡಿಸಿ ಬರೆಸಿದ್ದಾರೆಂದರೆ ಇದು ಮೇಲಿನ ಕಚೇರಿಯಿಂದಲೇ ಬಂದ ತಿದ್ದುಪಡಿ. ಒಂದು ಮನೆಗೋಸ್ಕರ ರಸ್ತೆ ಸೊಂಟ ತಿರುಗಿಸಲಾಗುವುದಿಲ್ಲ, ಆದ್ದರಿಂದ ಹನ್ನೆರಡರಿಂದ ಇಪ್ಪತ್ತೆರಡರವರೆಗೆ ಇಡೀ ಸಾಲಿನ ಗೆರೆಯನ್ನು ಅವರು ಬಯಲಿನ ಕಡೆಗೆ ಸರಿಸಿ ಎಳೆದರು. ಹೋಗುವಾಗ ಕಿಟಕಿಯಲ್ಲಿ ಬಗ್ಗಿ ಅಕ್ಕನಿಗೆ ಹೇಳಿದರು.

“ನಿಮ್ಮ ಅರ್ಜಿ ಒಪ್ಪಿಗೆ ಆದ ಹಾಗಿದೆ ಅಮ್ಮಾ. ಅಂಗಡಿಗೆ ಏನೂ ಆಗಲ್ಲ.”

ಹೊಲಿಗೆ ಯಂತ್ರ ನಿಂತಿತು. ಗಿರಾಕಿ ಇರುವಾಗ ಆ ಯಂತ್ರ ನಿಂತದ್ದನ್ನು ಬೀದಿ ಅಂದೇ ಮೊದಲು ಕಂಡದ್ದು.

ಸುದ್ದಿಯನ್ನು ಬೋರ್ಡಣ್ಣನಿಗೆ ಮುಟ್ಟಿಸಿದವನು ಕ್ಷೌರದಂಗಡಿಯವನು. ಕೈಯಲ್ಲಿ ಕತ್ತರಿ ಹಿಡಿದೇ ಓಡಿಬಂದು, ಬಾಣ ತಿರುಗಿದ್ದರಿಂದ ಇಡೀ ಸಾಲು ಉಳಿಯಿತು, ನಿನ್ನ ಕೈಗೆ ಚಿನ್ನದ ಬಳೆ ತೊಡಿಸಬೇಕು ಎಂದ. ಯಾವ ಬಾಣ ಎಂದು ಬೋರ್ಡಣ್ಣ ಕೇಳಿದ. ಹೊರಗೆ ಬಂದು ನೋಡಿದ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಅವನು ತಾನು ಬರೆದದ್ದನ್ನು ಓದಿದ.

ಅಕ್ಕನಿಗೆ ಕೂಡಲೇ ಹೇಳಿಬಿಡಬೇಕೆಂದು ಒಳಗೆ ಹೋದ. ಅಕ್ಕ ಅವನನ್ನು ನೋಡಿ, ನೆಟ್ಟಗೆ ನಿಲ್ಲು ಎಂದಳು. ಟೇಪು ತೆಗೆದು ಭುಜ ಅಳೆದಳು, ಎದೆ ಅಳೆದಳು, ತೋಳು ಅಳೆದಳು. ಯಾರೋ ಮುಂಗಡ ಕೊಟ್ಟು ಮರೆತುಹೋದ ಒಳ್ಳೆಯ ನೀಲಿ ಬಟ್ಟೆ ಹತ್ತು ವರ್ಷದಿಂದ ಪೆಟ್ಟಿಗೆಯಲ್ಲಿತ್ತು, ಅದರಲ್ಲಿ ಅವನಿಗೊಂದು ಅಂಗಿ ಹೊಲಿಯುತ್ತೇನೆ ಎಂದಳು. ಅರ್ಜಿಯನ್ನು ಓದುವವರು ನಗರಸಭೆಯಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ಮೂರು ಸಲ ಹೇಳಿದಳು. ಅವಳ ಮುಖದಲ್ಲಿ ಅಂಥ ನಗು ಕಂಡು ಎಷ್ಟು ವರ್ಷವಾಗಿತ್ತೋ. ಬೋರ್ಡಣ್ಣ, ಕುತ್ತಿಗೆ ಸ್ವಲ್ಪ ಸಡಿಲ ಇರಲಿ ಅಕ್ಕಾ ಎಂದಷ್ಟೇ ಹೇಳಿದ.

ಮಾರನೆಯ ದಿನದಿಂದ ಅವನ ಬಾಗಿಲಿಗೆ ಜನ ಬರತೊಡಗಿದರು. ಬೋರ್ಡಣ್ಣನಿಗೆ ನಗರಸಭೆಯಲ್ಲಿ ಕೈ ಇದೆ ಎಂದು ಹೇಗೋ ಹಬ್ಬಿತ್ತು. ಕ್ಷೌರದಂಗಡಿಯವನು ತನ್ನ ಹದಿನಾರನ್ನೂ ಸುಮ್ಮನೆ ಚೆಂದಕ್ಕೆ ಬರೆದುಕೊಡು ಎಂದ. ಬೋರ್ಡಣ್ಣ ಕೈಮುಗಿದು ಆಗುವುದಿಲ್ಲ ಎಂದ. ಆಗುವುದಿಲ್ಲ ಎಂದದ್ದರಿಂದ ಅವನ ಕೈ ಇನ್ನೂ ದೊಡ್ಡದಿರಬೇಕೆಂದು ಜನ ಲೆಕ್ಕಹಾಕಿದರು. ಮೂರು ಬೀದಿಯಾಚೆಯ ಹಿಟ್ಟಿನ ಗಿರಣಿಯವನು ತನ್ನ ಗೋಡೆಯ ಫೋಟೋ ತಂದು, ಎಡಕ್ಕೂ ಬಲಕ್ಕೂ ತನ್ನದೇ ಜಾಗ ಇರುವುದರಿಂದ ಬಾಣವನ್ನು ಮೇಲಕ್ಕೆ ಬರೆದುಬಿಡಿ, ಮೇಲ್ಸೇತುವೆ ಮಾಡಿಕೊಳ್ಳಲಿ ಎಂದು ಬೇಡಿಕೊಂಡ.

ಆಮೇಲೆ ವಾರ್ಡಿನ ಸದಸ್ಯರು ಬಂದರು. ಬಾಣದ ಮುಂದೆ ನಿಂತು, ಇದಕ್ಕಾಗಿ ತಾನು ಮೂರು ತಿಂಗಳು ಊಟ ನಿದ್ದೆ ಬಿಟ್ಟು ಹೋರಾಡಿದ್ದನ್ನು ನೆರೆದವರಿಗೆ ವಿವರಿಸಿದರು. ಅವರ ಕಡೆಯವರು ‘ಹದಿನೇಳನೇ ಗುರುತನ್ನು ತಿರುಗಿಸಿದ ಧೀಮಂತ ನಾಯಕರಿಗೆ ಅಭಿನಂದನೆ’ ಎಂಬ ಬೋರ್ಡು ಬೇಕೆಂದರು. ಬರೆಯುವ ಕೆಲಸ ಬೋರ್ಡಣ್ಣನಿಗೇ ಬಂತು. ತಾನು ತಿರುಗಿಸಿದ್ದನ್ನು ಇನ್ನೊಬ್ಬ ತಿರುಗಿಸಿದನೆಂದು ತನ್ನ ಕೈಯಾರೆ ಬರೆಯುವ ಭಾಗ್ಯ ಎಷ್ಟು ಜನರಿಗೆ ಸಿಕ್ಕೀತು? ಬರೆದ. ಚೆನ್ನಾಗಿಯೇ ಬರೆದ. ಕೆಟ್ಟದಾಗಿ ಬರೆಯಲು ಅವನಿಗೆ ಬರುತ್ತಿರಲಿಲ್ಲ.

ಬಯಲು ಕೊಳ್ಳಬೇಕಿದ್ದ ಸಾಹುಕಾರನ ಕಿವಿಗೂ ವಿಷಯ ಬಿತ್ತು. ಮುಂಭಾಗದ ನಾಲ್ಕು ಅಡಿ ಹೋದರೆ ತನ್ನ ಅಂಗಡಿ ಸಾಲಿನ ನಕ್ಷೆ ಹಾಳಾಗುತ್ತದೆ, ಈ ಬೆಲೆಗೆ ತನಗೆ ಬೇಡ ಎಂದು ಅವನು ನಗರಸಭೆಗೆ ಬರೆದ. ನಗರಸಭೆಯಲ್ಲಿ ಗದ್ದಲವೋ ಗದ್ದಲ. ಬಾಣ ತಿರುಗಿಸಿದವರು ಯಾರು? ಮೇಲಿನ ಕಚೇರಿ ನಾವಲ್ಲ ಎಂದಿತು. ಗುತ್ತಿಗೆದಾರ ತನ್ನವರಿಗೆ ಅಷ್ಟು ಚೆಂದದ ಕೈ ಇಲ್ಲವೆಂದು ಪ್ರಮಾಣ ಮಾಡಿದ. ಉಳಿದವರು ಇಂಜಿನಿಯರಮ್ಮ. ಮನೆಯವರಿಂದ ಏನೋ ಪಡೆದುಕೊಂಡು ಗೆರೆ ಸರಿಸಿದ್ದಾರೆಂಬ ಅನುಮಾನದ ಮೇಲೆ ಅವರಿಗೆ ನೋಟಿಸು ಹೋಯಿತು. ಮುಂದಿನ ಸಭೆಯೊಳಗೆ ಉತ್ತರ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು ಎಂದು ಅದರಲ್ಲಿತ್ತು.

ಅವರು ಮತ್ತೊಮ್ಮೆ ಬಂದು ಗೋಡೆಯ ಮುಂದೆ ನಿಂತರು. ಹೆಲ್ಮೆಟ್ಟಿರಲಿಲ್ಲ, ಟೇಪಿನವರೂ ಇರಲಿಲ್ಲ. ರಿಜಿಸ್ಟರನ್ನು ಎದೆಗೆ ಅವಚಿಕೊಂಡು ಕಿಟಕಿಯ ಹತ್ತಿರ ಹೋಗಿ ಅಕ್ಕನಲ್ಲಿ ನೀರು ಕೇಳಿದರು. ಕುಡಿದು, ಲೋಟ ವಾಪಸು ಕೊಡುತ್ತಾ, ಅಕ್ಷರ ನೋಡಿ ನಂಬಿಬಿಟ್ಟೆ ಅಮ್ಮಾ ಎಂದು ನಗಲು ನೋಡಿದರು. ನಗು ಬರಲಿಲ್ಲ. ಒಳಬಾಗಿಲಿನ ಹಿಂದೆ ನಿಂತಿದ್ದ ಬೋರ್ಡಣ್ಣ ಇದನ್ನೆಲ್ಲ ಕೇಳಿಸಿಕೊಂಡ.

ಅವರು ಹೋದ ಮೇಲೆ ಅವನು ಬಂದು ಮೇಜಿನ ಪಕ್ಕ ನಿಂತ. ಅಕ್ಕ ನೀಲಿ ಅಂಗಿಗೆ ಎರಡನೇ ತೋಳು ಕೂರಿಸುತ್ತಿದ್ದಳು. ಅವನು ತಡವರಿಸುತ್ತಾ ಎಲ್ಲವನ್ನೂ ಹೇಳಿದ. ಕ್ಷೌರದಂಗಡಿಯವನ ಮಾತು, ಬೇಕರಿಯವನ ಮಾತು, ಕಿಟಕಿಯ ಚೌಕಟ್ಟು, ಗರಿಗಳು, ಎಲ್ಲ. ಅರ್ಜಿಯನ್ನು ಯಾರೂ ಓದಿರಲಿಕ್ಕಿಲ್ಲ ಎಂಬುದನ್ನು ಕೊನೆಗೆ ಹೇಳಿದ. ಅಕ್ಕನ ಕಾಲು ತುಳಿಯುವುದನ್ನು ನಿಲ್ಲಿಸಲಿಲ್ಲ. ತೋಳು ಮುಗಿಯಿತು. ಅವಳು ಹಲ್ಲಿನಿಂದ ದಾರ ಕಚ್ಚಿ ಹರಿದಳು.

“ಹೇಳಿದ್ರೆ ಅಂಗಡಿ ಹೋಗುತ್ತೆ ಅಕ್ಕಾ,” ಎಂದ ಬೋರ್ಡಣ್ಣ.

“ಹೋಗುತ್ತೆ. ಹೇಳದಿದ್ರೆ ಆ ಹೆಂಗಸಿನ ಕೆಲಸ ಹೋಗುತ್ತೆ. ಅವಳ ಕೆಲಸದ ಮೇಲೆ ಕೂತ್ಕೊಂಡು ನನಗೆ ಹೊಲಿಯೋಕಾಗಲ್ಲ ಕಣೋ.” ಅಂಗಿಯನ್ನು ಅವನ ಕಡೆಗೆ ಎಸೆದಳು. “ಗುಂಡಿ ನಾಳೆ ಹಾಕ್ತೀನಿ. ಸಭೆಗೆ ಇದನ್ನೇ ಹಾಕ್ಕೊಂಡು ಹೋಗು. ನಾನೂ ಬರ್ತೀನಿ.”

ಸಭೆಯ ದಿನ ಇಬ್ಬರೂ ಸಾರ್ವಜನಿಕರ ಬೆಂಚಿನಲ್ಲಿ ಕೂತಿದ್ದರು. ಬೋರ್ಡಣ್ಣನ ಮೈಮೇಲೆ ಹೊಸ ನೀಲಿ ಅಂಗಿ. ಅಕ್ಕನ ಕುತ್ತಿಗೆಯಲ್ಲಿ ತೆಗೆಯಲು ಮರೆತ ಅಳತೆಯ ಟೇಪು. ಬಾಗಿಲಿನ ಬಳಿ ರಿಜಿಸ್ಟರು ಹಿಡಿದು ಇಂಜಿನಿಯರಮ್ಮ ನಿಂತಿದ್ದರು. ಆರನೇ ವಿಷಯ ಬಯಲಿನ ಮಾರಾಟ, ಏಳನೇ ವಿಷಯ ರಸ್ತೆ. ಆರನ್ನು ತೆಗೆದರೆ ಏಳು ಅಡ್ಡ ಬರುತ್ತಿತ್ತು, ಏಳನ್ನು ತೆಗೆದರೆ ಆರು. ವಾರ್ಡಿನ ಸದಸ್ಯರು ಎದ್ದು, ಬಡವರ ಮನೆಗಳಿಗಾಗಿ ಬಾಣವನ್ನು ತಿರುಗಿಸಿದ್ದು ತಾನೇ ಎಂದು ಎದೆ ತಟ್ಟಿಕೊಂಡರು. ಮಾರಾಟ ಸಮಿತಿಯವರು, ಹಾಗಾದರೆ ಸರ್ಕಾರಿ ಗುರುತು ತಿದ್ದಿದ ಅಪರಾಧವೂ ನಿಮ್ಮದೇ ಆಯಿತು ಎಂದರು. ವಾರ್ಡಿನ ಸದಸ್ಯರು ಅರೆಗಳಿಗೆ ಯೋಚಿಸಿ, ತಾನು ತಿರುಗಿಸಿದ್ದು ಭಾವನೆಯ ಮಟ್ಟದಲ್ಲಿ, ಗೋಡೆಯ ಮೇಲೆ ತಿರುಗಿಸಿದ್ದು ಇಂಜಿನಿಯರು ಎಂದು ಸ್ಪಷ್ಟಪಡಿಸಿದರು.

ಬೋರ್ಡಣ್ಣ ಶಾಲೆಯಲ್ಲಿ ಎತ್ತುವಂತೆ ಕೈ ಎತ್ತಿ ಎದ್ದು ನಿಂತ. ಸಾರ್ವಜನಿಕರು ಮಾತಾಡುವಂತಿಲ್ಲ, ಕೂತುಕೊಳ್ಳಿ ಎಂದರು ಅಧ್ಯಕ್ಷರು. ಅವನು ಕೂರಲು ಬಾಗಿದ. ಅಕ್ಕ ಅವನ ಅಂಗಿಯ ತುದಿ ಹಿಡಿದಳು.

“ಎದ್ದಾಗಿದೆ ಸ್ವಾಮಿ. ಈಗ ಕೂತ್ರೆ ಇನ್ನೊಂದು ಸಲ ಏಳೋ ಧೈರ್ಯ ಇವನಿಗೆ ಬರಲ್ಲ. ಕೇಳಿಬಿಡಿ.”

ಅವನು ಹೇಳಿದ. ಬಾಣ ಬರೆದದ್ದು ತಾನು, ಇಂಜಿನಿಯರಮ್ಮನದು ಏನೂ ತಪ್ಪಿಲ್ಲ ಎಂದ. ಯಾರೂ ನಂಬಲಿಲ್ಲ. ನಂಬಿದರೆ ಒಂದು ತಿಂಗಳಿನಿಂದ ಆಡಿದ ಮಾತುಗಳೆಲ್ಲ ದಂಡವಾಗುತ್ತಿದ್ದವು. ವಾರ್ಡಿನ ಸದಸ್ಯರು, ಈ ಮನುಷ್ಯ ಮೊದಲಿನಿಂದಲೂ ಸ್ವಲ್ಪ ಗೊಂದಲದವನು, ಬ್ಯಾಂಕಿನ ಸೈಕಲ್ ಪ್ರಕರಣ ಎಲ್ಲರಿಗೂ ಗೊತ್ತಿದೆ ಎಂದರು. ಸಾಕ್ಷಿ ಬೇಕು ಎಂದರು ಇನ್ನೊಬ್ಬರು. ಸದಸ್ಯರ ಹಾಜರಿ ಬರೆಯುವ ಕರಿಹಲಗೆ ಮೂಲೆಯಲ್ಲಿತ್ತು. ಹಾಗಾದರೆ ಅಲ್ಲಿ ಬರೆದು ತೋರಿಸಲಿ ಎಂದು ಅಧ್ಯಕ್ಷರು ಅಪ್ಪಣೆ ಕೊಟ್ಟರು.

ಬೋರ್ಡಣ್ಣ ಹೋಗಿ ಸೀಮೆಸುಣ್ಣ ಕೈಗೆತ್ತಿಕೊಂಡ. ಹದಿನೇಳು ಮೂಡಿತು, ನೆರಳು ಮೂಡಿತು, ಮೂರು ಗರಿಯ ಬಾಣ ಮೂಡಿತು. ಸಭೆ ಫೈಲಿನಲ್ಲಿದ್ದ ಗೋಡೆಯ ಫೋಟೋವನ್ನೂ ಹಲಗೆಯನ್ನೂ ನೋಡಿತು. ಕೈ ಅದೇ. ಆದರೆ ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. ಗೋಡೆಯ ಮೇಲೆ ಬಾಣ ಬಲಕ್ಕಿತ್ತು, ಹಲಗೆಯ ಮೇಲೆ ಎಡಕ್ಕಿದೆ, ಇದೇನು ಎಂದು ಕೇಳಿದರು. ಬಲಗಡೆ ತಮ್ಮ ಹಾಜರಿ ಇದೆಯಲ್ಲ ಸ್ವಾಮಿ, ಜಾಗ ಇಲ್ಲ ಎಂದ ಬೋರ್ಡಣ್ಣ.

ಸಭೆ ನಕ್ಕಿತು. ಕೊನೆಯ ಸಾಲಿನಲ್ಲಿ ಒಬ್ಬ ಹಿರಿಯ ಸದಸ್ಯೆ ಕೂತಿದ್ದರು. ನಾಲ್ಕು ಸಲ ಗೆದ್ದು ಬಂದವರು. ಸಭೆಯಲ್ಲಿ ತೂಕಡಿಸುತ್ತಾರೆ ಎಂದು ಪ್ರಸಿದ್ಧರು. ಅವರು ನಗಲಿಲ್ಲ. ಕನ್ನಡಕ ಏರಿಸಿಕೊಂಡು, ಗೋಡೆಯ ಮೇಲಿನ ಬಾಣವನ್ನು ಯಾಕಪ್ಪ ತಿರುಗಿಸಿದೆ ಎಂದು ಕೇಳಿದರು.

“ತಿರುಗಿಸ್ಬೇಕು ಅಂತ ಮಾಡಿದ್ದಲ್ಲ ಅಮ್ಮಾ. ಬಾಣ ಯಾವತ್ತೂ ಖಾಲಿ ಜಾಗದ ಕಡೆ ಇರ್ಬೇಕು. ನಮ್ಮ ಕೆಲಸದಲ್ಲಿ ಹಾಗೆ.”

ಹಿರಿಯ ಸದಸ್ಯೆ ಅವನನ್ನು ಬಿಟ್ಟು ಸಭೆಯ ಕಡೆ ತಿರುಗಿದರು.

“ನಮ್ಮ ಕೆಲಸದಲ್ಲಿ ಹೇಗೆ?”

ಒಂದು ಕಡೆ ಖಾಲಿ ಬಯಲು, ಇನ್ನೊಂದು ಕಡೆ ಜನ ಇರುವ ಮನೆ. ರಸ್ತೆ ಮನೆಯ ಕಡೆಗೆ ಯಾಕೆ ಹೋಗುತ್ತಿದೆ ಎಂದು ಫೈಲಿನಲ್ಲಿ ಎಲ್ಲಿ ಬರೆದಿದೆ, ಓದಿ ಹೇಳಿ ಎಂದು ಅವರು ಇಂಜಿನಿಯರಮ್ಮನನ್ನು ಕೇಳಿದರು. ಇಂಜಿನಿಯರಮ್ಮ ಹಾಳೆ ತಿರುವಿದರು. ಇಪ್ಪತ್ತಾರು ಹಾಳೆಗಳಿದ್ದವು, ನಕ್ಷೆಗಳಿದ್ದವು, ಹನ್ನೊಂದು ಸಹಿಗಳಿದ್ದವು. ಅಕ್ಕನ ಅರ್ಜಿಯೂ ಇತ್ತು, ಮಡಿಕೆ ಬಿಚ್ಚದೆ. ಕಾರಣ ಇರಲಿಲ್ಲ. ಯಾರೂ ಕೇಳಿರಲಿಲ್ಲವಾದ್ದರಿಂದ ಯಾರೂ ಬರೆದಿರಲಿಲ್ಲ.

ಯೋಚಿಸಿ ನೋಡಿದರೆ ಇದರಲ್ಲಿ ನಗರಸಭೆಯೊಂದನ್ನೇ ದೂರಿ ಫಲವಿಲ್ಲ. ಆ ಬೀದಿಯಲ್ಲಿ ದಿನಾ ಸಾವಿರ ಜನ ಓಡಾಡುತ್ತಿದ್ದರು. ಆಳು ಬರೆದ ಕೆಟ್ಟ ಹದಿನೇಳನ್ನು ನೋಡಿ ನಗರಸಭೆ ಹೇಳಿದ ಮೇಲೆ ಸರಿ ಇರಬೇಕು ಎಂದುಕೊಂಡರು. ಬೋರ್ಡಣ್ಣ ಬರೆದ ಚೆಂದದ ಹದಿನೇಳನ್ನು ನೋಡಿಯೂ ಹಾಗೆಯೇ ಅಂದುಕೊಂಡರು. ಬಾಣ ತೋರಿಸಿದ ಕಡೆಗೆ ಎಲ್ಲರೂ ನೋಡಿದರೇ ಹೊರತು ಅದು ಆ ಕಡೆಗೇ ಯಾಕೆ ಎಂದು ಯಾರೂ ಕೇಳಲಿಲ್ಲ.

ಹಿರಿಯ ಸದಸ್ಯೆ ತಮ್ಮ ಪ್ರಶ್ನೆಯನ್ನು ನಡವಳಿ ಪುಸ್ತಕಕ್ಕೆ ಬರೆದುಕೊಳ್ಳಿ ಎಂದರು. ಕಾರ್ಯದರ್ಶಿಯ ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು, ಆಮೇಲೆ ಬರೆಯಿತು. ನಡವಳಿಗೆ ಸೇರಿದ ಪ್ರಶ್ನೆಗೆ ಲಿಖಿತ ಉತ್ತರ ಬರುವವರೆಗೆ ಆ ವಿಷಯ ಮುಂದಕ್ಕೆ ಹೋಗುವಂತಿಲ್ಲ ಎಂದು ನಿಯಮವಿದೆ. ಅದನ್ನು ಇಪ್ಪತ್ತು ವರ್ಷಗಳ ಹಿಂದೆ ಸೇರಿಸಿದ್ದು ಅದೇ ಹಿರಿಯ ಸದಸ್ಯೆ ಎಂಬುದು ಆಮೇಲೆ ಎಲ್ಲರಿಗೂ ನೆನಪಾಯಿತು. ಆರೂ ನಿಂತಿತು, ಏಳೂ ನಿಂತಿತು. ಇಂಜಿನಿಯರಮ್ಮನ ನೋಟಿಸು ವಾಪಸಾಯಿತು. ಬೋರ್ಡಣ್ಣನಿಗೆ ಮಾತ್ರ ಶಿಕ್ಷೆಯಾಯಿತು: ಸರ್ಕಾರಿ ಗುರುತನ್ನು ತಿದ್ದಿದ್ದಕ್ಕಾಗಿ ನಂಬರನ್ನು ಉಳಿಸಿ ಬಾಣವನ್ನು ಸ್ವಂತ ಬಣ್ಣದಿಂದ ಅಳಿಸತಕ್ಕದ್ದು.

ಬೀದಿಯೆಲ್ಲ ನೋಡುತ್ತಿರುವಾಗ ಅವನು ಅಳಿಸಿದ. ಗರಿಗಳ ಮೇಲೆ ಬಿಳಿ ಬಳಿಯುವಾಗ ಸ್ವಲ್ಪ ಕಣ್ಣು ಮುಚ್ಚಿಕೊಂಡ.

ಅಂಗಡಿ ಉಳಿಯಿತು ಎಂದು ಹೇಳುವ ಹಾಗಿಲ್ಲ. ಉತ್ತರ ಹುಡುಕಬಲ್ಲ ಬುದ್ಧಿವಂತರು ನಗರಸಭೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಒಂದಲ್ಲ ಒಂದು ದಿನ ಯಾರಾದರೂ ಹುಡುಕಿಯಾರು. ಆದರೆ ಐದು ತಿಂಗಳಾದರೂ ಯಾರಿಗೂ ಸಿಕ್ಕಿರಲಿಲ್ಲ. ಬಯಲಿನಲ್ಲಿ ಬಟ್ಟೆ ಒಣಗುತ್ತಿತ್ತು. ಯಾರೋ ಕಾರನ್ನು ಹಿಂದಕ್ಕೆ ಬಿಡಲು ಕಲಿಯುತ್ತಿದ್ದರು.

ಒಂದು ಬೆಳಿಗ್ಗೆ ಬೋರ್ಡಣ್ಣ ಹಲ್ಲುಜ್ಜುತ್ತಾ ಗೋಡೆ ನೋಡುತ್ತಿದ್ದಾಗ ಅಕ್ಕ ಹೊರಗೆ ಬಂದಳು. ಬಾಣ ಅಳಿಸಿದ ಜಾಗ ಬೋಳಾಗಿ ಕಾಣುತ್ತದೆ, ನೋಡಿದವರು ಏನೆಂದುಕೊಳ್ಳಬೇಕು ಎಂದಳು. ಒಂದು ಚೀಟಿ ಕೊಟ್ಟಳು. ‘ಇಲ್ಲಿ ಬಟ್ಟೆ ಹೊಲಿಯಲಾಗುತ್ತದೆ’ ಎಂದು ಅದರಲ್ಲಿತ್ತು. ಬೋರ್ಡಣ್ಣ ಬಾಯಲ್ಲಿದ್ದ ನೊರೆ ಉಗುಳಲೂ ಮರೆತು ಚೀಟಿಯನ್ನು ಓದಿದ, ಮತ್ತೊಮ್ಮೆ ಓದಿದ. ಇಪ್ಪತ್ತೆರಡು ವರ್ಷ ಕಾದವನ ಕಣ್ಣಿನಲ್ಲಿ ನೀರು ಬಂತು. ಕೊನೆಗೆ ಒಂದು ಬಾಣವೂ ಇರಲಿ ಎಂದಳು ಅಕ್ಕ. ಅವನು ಅಭ್ಯಾಸಬಲದಿಂದ ಬಲಗಡೆಯ ಖಾಲಿ ಗೋಡೆಗೆ ಕೈ ತೋರಿಸಿದ.

“ಆ ಕಡೆ ಯಾರಿದ್ದಾರೋ?” ಎಂದಳು ಅಕ್ಕ, ಕಿಟಕಿಯ ಕಡೆ ನೋಡುತ್ತಾ. “ಖಾಲಿ ಜಾಗದ ಕಡೆ ಹಾಕಿದ್ದು ಸಾಕು. ಇದನ್ನ ಜನ ಇರೋ ಕಡೆ ಹಾಕು.”

ಬೋರ್ಡಣ್ಣ ಚೀಟಿಯಲ್ಲಿದ್ದದ್ದನ್ನು ಗೋಡೆಗೆ ಬರೆದು, ಗುರುವಿನ ಕ್ಷಮೆ ಕೇಳಿಕೊಂಡು ಎಡಕ್ಕೆ ಬಾಣ ಎಳೆದ. ಅದರ ಮೂಗು ಕಿಟಕಿಯ ಚೌಕಟ್ಟಿಗೆ ತಗುಲಿತು. ಅವನಿಗೇನೂ ಕೆಟ್ಟದಾಗಿ ಕಾಣಲಿಲ್ಲ.

ಬಣ್ಣ ಒಣಗುವ ಮೊದಲೇ ಇಂಜಿನಿಯರಮ್ಮ ಆ ದಾರಿಯಲ್ಲಿ ಬಂದರು. ಹದಿನೇಳರ ಪಕ್ಕದಲ್ಲಿ ಮನೆಯ ಕಡೆಗೆ ತಿರುಗಿದ ಹೊಸ ಬಾಣ ಕಂಡು ನಿಂತರು. ರಿಜಿಸ್ಟರು ತೆರೆದರು, ಪೆನ್ನು ತೆಗೆದರು. ಕ್ಷೌರದಂಗಡಿಯವನ ಕತ್ತರಿ ಗಿರಾಕಿಯ ಕಿವಿಯ ಹತ್ತಿರ ನಿಂತಿತು. ಏಣಿಯ ಮೇಲಿದ್ದ ಬೋರ್ಡಣ್ಣನ ಕುಂಚವೂ ನಿಂತಿತು. ಇಂಜಿನಿಯರಮ್ಮ ಈ ಸಲ ಅಕ್ಷರಗಳನ್ನು ಒಂದೊಂದಾಗಿ ಪೂರ್ತಿ ಓದಿದರು. ರಿಜಿಸ್ಟರು ಮುಚ್ಚಿ, ಚೀಲದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು, ಗೋಡೆಯ ಮೇಲಿನ ಗುರುತೇ ಅಂತಿಮ ಎಂದು ಹೇಳಿ, ಬಾಣ ತೋರಿಸಿದ ಕಡೆಗೆ ಒಳಗೆ ಹೋದರು.